ಅತ್ತೆಯ ಹಲ್ಲು, ಸೊಸೆಯ ಪಯಣ

"ಕಚ್ಚಿ ಅತ್ತೆ. ಮೆಲ್ಲಗೆ... ಹಾಂ, ಅಷ್ಟೇ."

ಅಡುಗೆಮನೆಯ ಮೇಜಿನ ಮುಂದೆ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದ ಅತ್ತೆ ಕಚ್ಚಿದರು. ಗುಲಾಬಿ ಬಣ್ಣದ ಮೇಣದಲ್ಲಿ ಸಾಲಾಗಿ ಕೂರಿಸಿದ್ದ ಇಪ್ಪತ್ತೆಂಟು ಹಲ್ಲುಗಳು, ಮೇಲಿನವು ಹದಿನಾಲ್ಕು ಕೆಳಗಿನವು ಹದಿನಾಲ್ಕು, ಒಂದಕ್ಕೊಂದು ಬಂದು ಸೇರಬೇಕಾಗಿತ್ತು. ಸೇರಲಿಲ್ಲ. ಕೆಳಗಿನ ಸಾಲು ಎಲ್ಲೋ ಒಳಗೆ ಸರಿದು ನಿಂತಿತ್ತು; ನಡುವೆ ಕಿರುಬೆರಳು ತೂರಿಸುವಷ್ಟು ಸಂದು. ಇದು ಮೂರನೆಯ ಸಲ. ಇವತ್ತು ಸೋಮವಾರ, ಗುರುವಾರ ಸಂಜೆಗೆ ವಿಮಾನ.

ಅತ್ತೆ ಎರಡೂ ಸಾಲುಗಳನ್ನು ಬಾಯಿಂದ ತೆಗೆದು ತಟ್ಟೆಯಲ್ಲಿಟ್ಟು, ಟವೆಲಿನಿಂದ ತುಟಿ ಒರೆಸಿಕೊಂಡರು. ಹಲ್ಲಿಲ್ಲದ ಬಾಯಿಯ ಮಾತು ಗಾಳಿ ಬೆರೆತು ಬರುತ್ತಿತ್ತು, ಆದರೆ ಅದರ ಚುರುಕಿಗೇನೂ ಕೊರತೆಯಿರಲಿಲ್ಲ.

"ನಾನೇನೂ ಹೇಳಲ್ಲಪ್ಪ. ನಿನ್ನ ಕೈ ನೀನೇ ನೋಡ್ಕೋ, ಹೇಗೆ ನಡುಗ್ತಾ ಇದೆ ಅಂತ. ಮನೇಲಿರೋ ಒಂದು ಮುದುಕಿ ಬಾಯಿಗೆ ಹಲ್ಲು ಕೂರಿಸೋಕಾಗದ ಕೈ ತಗೊಂಡು ಪರದೇಶಕ್ಕೆ ಹೋಗಿ ಏನು ಕಡಿದು ಹಾಕ್ತೀಯ, ರಿಟರ್ನ್ ಟಿಕೆಟ್?"

ಸೊಸೆ ಕೈ ನೋಡಿಕೊಂಡಳು. ನಡುಗುತ್ತಿತ್ತು. ಸುಳ್ಳು ಹೇಳುವ ಹಾಗಿರಲಿಲ್ಲ.

ಅವಳು ಹಲ್ಲು ಕಟ್ಟುವವಳು. ವಯಸ್ಸಾದ ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಅಚ್ಚು ತೆಗೆಯುವ ಗಚ್ಚಿನ ಪುಡಿ ಹಾರುವ ಮೇಜಿನ ಮುಂದೆ, ಸಣ್ಣ ಗ್ಯಾಸ್ ದೀಪದ ಉರಿಯಲ್ಲಿ ಚಾಕು ಕಾಯಿಸಿ ಮೇಣ ಕೊರೆಯುತ್ತಾ ಹತ್ತೊಂಬತ್ತು ವರ್ಷ ಕಳೆದಿದ್ದಳು. ಬಾಯಿ ಬೊಚ್ಚಾದವರು ಅವಳ ಕೈಗೆ ಸಿಕ್ಕರೆ ಮತ್ತೆ ಸೇಬು ಕಚ್ಚುತ್ತಿದ್ದರು. ಆ ಬೀದಿಯಲ್ಲಿ ಅವಳಿಗೆ ಹಲ್ಲಮ್ಮ ಎಂದೇ ಹೆಸರು. ಅವಳು ಮಾಡಿದ ಸೆಟ್ಟುಗಳ ಫೋಟೋಗಳನ್ನು ವೈದ್ಯರು ಹೊರದೇಶದ ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದರು. ಅಲ್ಲಿಂದ ಕರೆ ಬಂದಿತ್ತು: ಎರಡು ವರ್ಷದ ಕೆಲಸ, ಮುಂಭಾಗದ ಹಲ್ಲಿನ ವಿಭಾಗ ಪೂರ್ತಿ ಅವಳದೇ, ಜೊತೆಗೆ ಎಂಟು ಜನ ಹೊಸಬರಿಗೆ ಕಲಿಸುವ ಜವಾಬ್ದಾರಿ.

ಇದೇ ಜಾಗದಿಂದ ಆರು ವರ್ಷದ ಹಿಂದೆಯೂ ಒಮ್ಮೆ ಕರೆದಿದ್ದರು, ಮೂರೇ ತಿಂಗಳಿಗೆ. ಆಗ ಅವಳು ವಿಮಾನ ನಿಲ್ದಾಣದವರೆಗೂ ಹೋಗಿದ್ದಳು. ಸಾಮಾನು ತಪಾಸಣೆಯ ಸಾಲಿನಲ್ಲಿ ನಿಂತಾಗ ಗಂಟಲು ಕಟ್ಟಿ, ಕಿವಿಯಲ್ಲಿ ಗುಂಯ್ ಎಂದು, ಕಾಲಡಿಯ ನೆಲ ಮೆತ್ತಗಾದಂತಾಗಿ... ಹೋದ ಟ್ಯಾಕ್ಸಿಯಲ್ಲೇ ವಾಪಸ್ಸು ಬಂದಿದ್ದಳು. ಅಂದಿನಿಂದ ಅತ್ತೆಯ ಬಾಯಲ್ಲಿ ಅವಳು ರಿಟರ್ನ್ ಟಿಕೆಟ್. ಮನೆಗೆ ನೆಂಟರು ಬಂದರೆ ಸಾಕು, ಆ ಕಥೆ ಅಭಿನಯದ ಸಮೇತ ನಡೆಯುತ್ತಿತ್ತು. ಸೊಸೆ ಕಾಫಿ ಲೋಟಗಳನ್ನು ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಕಥೆ ಟ್ಯಾಕ್ಸಿ ಹತ್ತುವ ಕಡೆಗೆ ಬಂದಿರುತ್ತಿತ್ತು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಇನ್ನೇನು ಮಾಡಬೇಕಿತ್ತು?

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹೆದರುವವರೊಬ್ಬರು ಮನೆಯಲ್ಲಿದ್ದರೆ ಉಳಿದವರಿಗೆ ಬಹಳ ಅನುಕೂಲ. ಅವರು ಎಲ್ಲಿಗೂ ಹೋಗುವುದಿಲ್ಲ, ಕರೆದಾಗ ಸಿಗುತ್ತಾರೆ, ಬಟ್ಟೆ ಒಣಗಿಸುತ್ತಾರೆ, ಮಾತ್ರೆ ಎಣಿಸಿ ಕೊಡುತ್ತಾರೆ. ಅವರ ಭಯಕ್ಕೆ ಮದ್ದು ಹುಡುಕುವ ಉಸಾಬರಿ ಯಾರಿಗೂ ಬೇಡ. ಆ ಭಯ ಎಲ್ಲಿ ವಾಸಿಯಾಗಿಬಿಡುತ್ತದೋ ಎಂಬ ಚಿಂತೆ ಮಾತ್ರ ಒಳಗೊಳಗೇ ಇರುತ್ತದೆ.

ಈ ಸಲ ಟಿಕೆಟ್ ಬಂದಾಗ ಅತ್ತೆ ಬೇಡವೆನ್ನಲಿಲ್ಲ. ಎಲ್ಲರಿಗೂ ಆಶ್ಚರ್ಯವಾಗುವಷ್ಟು ಮೆತ್ತಗೆ ಒಪ್ಪಿಕೊಂಡರು. "ಹೋಗು, ಬೇಡ ಅಂದೋರ್ಯಾರು? ಆದ್ರೆ ನನ್ನ ಹಳೇ ಸೆಟ್ಟು ಸಡಿಲ ಆಗಿ ತಟ್ಟೆಗೇ ಬೀಳ್ತಾ ಇದೆ. ಎರಡು ವರ್ಷ ನಾನು ನೀರು ಕುಡ್ಕೊಂಡು ಇರ್ಲಾ? ಹೊಸದು ಮಾಡಿಕೊಟ್ಟು, ಅದು ಸರಿಯಾಗಿ ಕೂತ ಮೇಲೆ ಹೊರಡು. ಮಾತು ಕೊಡು." ಸೊಸೆ ಹಿಂದೆಮುಂದೆ ನೋಡದೆ ಮಾತು ಕೊಟ್ಟಳು. ಒಂದು ಸೆಟ್ಟು ಅವಳಿಗೆ ಯಾವ ಲೆಕ್ಕ? ಮೇಣದ ಎರಡು ದಿಂಡುಗಳನ್ನು ಬಾಯಲ್ಲಿಟ್ಟು ಕಚ್ಚಿಸಿ, ಮೇಲಿನ ಕೆಳಗಿನ ದವಡೆ ಸೇರುವ ಜಾಗವನ್ನು ಗುರುತು ಹಾಕಿಕೊಳ್ಳುವುದು. ಅದಕ್ಕೆ ಕಚ್ಚು ತೆಗೆಯುವುದು ಎನ್ನುತ್ತಿದ್ದಳು. ಆ ಗುರುತಿನ ಮೇಲೆ ಹಲ್ಲು ಜೋಡಿಸುವುದು, ಬಾಯಲ್ಲಿಟ್ಟು ನೋಡುವುದು, ಸರಿಯಿದ್ದರೆ ಬೇಯಿಸಿ ಗಟ್ಟಿ ಮಾಡುವುದು. ಕಣ್ಣು ಮುಚ್ಚಿ ಮಾಡುವ ಕೆಲಸ.

ಆದರೆ ಮೂರು ಸಲ ಕಚ್ಚು ತೆಗೆದಳು, ಮೂರು ಸಲವೂ ಕೆಟ್ಟಿತು. ದಿನ ಹತ್ತಿರ ಬಂದಷ್ಟೂ ನಿದ್ದೆ ದೂರವಾಯಿತು. ಪಾಸ್‌ಪೋರ್ಟು ಕೈಚೀಲದಲ್ಲಿದೆಯೇ ಎಂದು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುವಳು. ಮುಟ್ಟಿದ ಮರುಕ್ಷಣವೇ ಮುಟ್ಟಿದ್ದು ಮರೆತಂತಾಗುವುದು. ಬಿಸಿಲಲ್ಲೂ ಪಾದ ತಣ್ಣಗೆ. ಎದೆ ಡವಗುಟ್ಟಲು ಶುರುವಾದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ: ಹಲ್ಲುಗಳನ್ನು ಸಾಲಾಗಿ ನೆನೆಯುವುದು. ನಡುವಿನ ಹಲ್ಲು, ಅದರ ಪಕ್ಕದ್ದು, ಕೋರೆಹಲ್ಲು, ಸಣ್ಣ ದವಡೆಹಲ್ಲು ಎರಡು, ದೊಡ್ಡ ದವಡೆಹಲ್ಲು ಎರಡು... ಮತ್ತೆ ಎಡಕ್ಕೆ. ಮೇಲಿನ ಸಾಲು ಮುಗಿಯುವ ಹೊತ್ತಿಗೆ ಉಸಿರು ಒಂದು ಹದಕ್ಕೆ ಬರುತ್ತಿತ್ತು. ಈ ಮೂರು ದಿನದಿಂದ ಕೆಳಗಿನ ಸಾಲು ಮುಗಿದರೂ ಬರುತ್ತಿರಲಿಲ್ಲ.

ಆ ಸೋಮವಾರ ಕ್ಲಿನಿಕ್ಕಿಗೆ ಹೋದವಳು ವೈದ್ಯರ ಮುಂದೆ ಮೇಣದ ಸೆಟ್ಟನ್ನಿಟ್ಟು ನಿಂತಳು.

"ನಾನು ಹೋಗಲ್ಲ ಡಾಕ್ಟ್ರೇ. ಅವರಿಗೆ ಹೇಳಿಬಿಡಿ."

ವೈದ್ಯರು ತಲೆಯೆತ್ತಲಿಲ್ಲ. "ಯಾಕಮ್ಮ?"

"ಕೈ ಹೋಯ್ತು. ಹೆದರಿಕೆಗೆ ಕೈ ಹೋಯ್ತು. ಒಂದು ಕಚ್ಚು ತೆಗೆಯೋಕೆ ಬರ್ತಾ ಇಲ್ಲ. ಅಲ್ಲಿ ಎಂಟು ಜನಕ್ಕೆ ಏನು ಕಲಿಸ್ಲಿ? ನಮ್ಮತ್ತೆ ಹೇಳೋದೇ ಸರಿ..."

ವೈದ್ಯರು ಸೆಟ್ಟನ್ನು ಕಬ್ಬಿಣದ ದವಡೆಗೆ ಸಿಕ್ಕಿಸಿದರು. ಅದೊಂದು ಸಣ್ಣ ಯಂತ್ರ, ಮನುಷ್ಯನ ದವಡೆಯ ಹಾಗೆಯೇ ತೆರೆದು ಮುಚ್ಚುತ್ತದೆ. ಟಕ್ ಟಕ್ ಎಂದು ಎರಡು ಸಲ ಮುಚ್ಚಿ ನೋಡಿದರು. ಇಪ್ಪತ್ತೆಂಟು ಹಲ್ಲೂ ಒಂದು ಕೂದಲೂ ಆಚೀಚೆಯಾಗದಂತೆ ಸೇರಿದವು.

"ಇದರಲ್ಲಿ ಏನು ತಪ್ಪಿದೆ?"

"ಇದರಲ್ಲಿ ಸರಿಯಾಗಿದೆ ಡಾಕ್ಟ್ರೇ. ಬಾಯಲ್ಲಿ ಸರಿಯಾಗ್ತಾ ಇಲ್ಲ."

"ಹೋದ ವಾರ ನೀನು ಎಷ್ಟು ಸೆಟ್ಟು ಮಾಡಿದೆ?"

"ನಾಲ್ಕು."

"ಯಾವುದಾದ್ರೂ ವಾಪಸ್ ಬಂತಾ?"

"ಇಲ್ಲ."

"ಹಾಗಾದ್ರೆ ಈ ಊರಲ್ಲೆಲ್ಲ ನಿನ್ನ ಕೈಗೆ ಬಗ್ಗದೇ ಇರೋ ಬಾಯಿ ಒಂದೇ ಒಂದು. ಅದು ನಿಮ್ಮತ್ತೇದು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಡುಗೋ ಕೈಯಲ್ಲೂ ಸರಿಯಾದ ಕೆಲಸ ಆಗತ್ತೆ, ನನ್ನ ಕೈ ಹತ್ತು ವರ್ಷದಿಂದ ನಡುಗ್ತಾ ಇದೆ. ನಿನ್ನ ಹಲ್ಲಲ್ಲಿ ತಪ್ಪಿಲ್ಲ. ಕಚ್ಚೇ ತಪ್ಪು ಬಂದಿದೆ. ಕಚ್ಚೋದು ನೀನಲ್ಲವಲ್ಲ."

ಅವಳು ಹಿಂದಿನ ಕೋಣೆಗೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತಳು. ಬೊಚ್ಚು ಬಾಯಿಯವರು ಕಚ್ಚು ಕೊಡುವಾಗ ತಿಳಿಯದೆ ದವಡೆ ಮುಂದೆ ತಳ್ಳುವುದುಂಟು; ಆ ಗುರುತಿಗೆ ಕಟ್ಟಿದ ಸೆಟ್ಟು, ದವಡೆ ತನ್ನ ಜಾಗಕ್ಕೆ ಮರಳಿದಾಗ ಸೇರುವುದಿಲ್ಲ. ಅದು ಅವಳಿಗೆ ಹೊಸದಲ್ಲ. ಒಮ್ಮೆ ತಳ್ಳುತ್ತಾರೆ, ಹೇಳಿದರೆ ತಿದ್ದಿಕೊಳ್ಳುತ್ತಾರೆ. ಮೂರು ಸಲ, ಪ್ರತಿ ಸಲವೂ ಅಷ್ಟೇ ದೂರಕ್ಕೆ, ಗೆರೆ ಹಾಕಿದ ಹಾಗೆ ತಳ್ಳುವವರನ್ನು ಅವಳು ಕಂಡಿರಲಿಲ್ಲ. ಹತ್ತೊಂಬತ್ತು ವರ್ಷ ಸೊಸೆಯ ಪಕ್ಕದಲ್ಲೇ ಕೂತು, ಊರವರ ಬಾಯಿಯ ಕಥೆಗಳನ್ನೆಲ್ಲ ಕೇಳಿದ ಹೆಂಗಸಿಗೆ ದವಡೆ ಎಲ್ಲಿಟ್ಟರೆ ಸೆಟ್ಟು ಕೆಡುತ್ತದೆ ಎಂದು ಗೊತ್ತಿರದೇ? ಛೇ, ಹಾಗೆಲ್ಲ ಯೋಚಿಸಬಾರದು ಎಂದುಕೊಂಡಳು. ಯೋಚನೆ ಮಾತ್ರ ಹೋಗಲಿಲ್ಲ.

ಸಂಜೆ ಎಲ್ಲರೂ ಮನೆಯಲ್ಲಿದ್ದಾಗಲೇ ಅವಳು ಮೇಜಿನ ಮೇಲೆ ಬಿಸಿನೀರಿನ ಬಟ್ಟಲು, ಮೇಣ, ಕನ್ನಡಿ ಜೋಡಿಸಿದಳು. ನೀರು ಸರಬರಾಜು ಕಚೇರಿಯಿಂದ ಬಂದ ಗಂಡ ಷೂ ಬಿಚ್ಚುತ್ತಿದ್ದ. ಹದಿನೇಳರ ಮಗಳು ಅಮ್ಮನ ಸೂಟ್‌ಕೇಸಿನ ಹಿಡಿಗೆ ಕೆಂಪು ದಾರ ಕಟ್ಟುತ್ತಿದ್ದಳು, ಸಾವಿರ ಪೆಟ್ಟಿಗೆಗಳ ನಡುವೆ ಗುರುತು ಸಿಗಲಿ ಎಂದು.

"ಮತ್ತೆ ಶುರುವಾಯ್ತಾ?" ಎನ್ನುತ್ತಲೇ ಅತ್ತೆ ಕೂತರು. ಸೊಸೆ ಮೆತ್ತಗಾದ ಮೇಣದ ದಿಂಡುಗಳನ್ನು ಅವರ ಬಾಯಲ್ಲಿಟ್ಟಳು.

"ಕಚ್ಚಿ."

ಕಚ್ಚಿದರು. ಗಲ್ಲ ಮುಂದಕ್ಕೆ ಬಂತು.

"ಸ್ವಲ್ಪ ಇರಿ ಅತ್ತೆ. ಬಾಯಿ ಒಣಗಿದೆ, ಒಂದು ಗುಟುಕು ನೀರು ನುಂಗಿ." ಲೋಟ ಕೊಟ್ಟಳು. ಅತ್ತೆ ನುಂಗಿದರು. ಗಲ್ಲ ತಾನಾಗಿಯೇ ಹಿಂದೆ ಸರಿದು ತನ್ನ ಜಾಗದಲ್ಲಿ ಕೂತಿತು.

"ಈಗ ಕಚ್ಚಿ."

ಗಲ್ಲ ಮುಂದಕ್ಕೆ ಬಂತು.

"ಇನ್ನೊಂದು ಗುಟುಕು."

ಹಿಂದೆ ಹೋಯಿತು. ನೀರು ನುಂಗುವಾಗ ಯಾರ ದವಡೆಯೂ ಸುಳ್ಳು ಹೇಳುವುದಿಲ್ಲ. ಅದು ಅವಳ ಕಸುಬು ಅವಳಿಗೆ ಕಲಿಸಿದ ಪಾಠ. ಮುದುಕಿಯಾದರೂ, ಜಾಣೆಯಾದರೂ, ಕಡುಕೋಪದವಳಾದರೂ ಗಂಟಲಿಗೆ ನೀರಿಳಿಯುವ ಆ ಕ್ಷಣದಲ್ಲಿ ದವಡೆ ತನ್ನ ಮನೆಗೆ ಹೋಗಲೇಬೇಕು.

"ಬೇಕಂತಲೇ ಮಾಡ್ತಾ ಇದ್ದೀರ," ಎಂದಳು. ಅವಳ ದನಿ ಏರಿರಲಿಲ್ಲ. ಹಾಗಾಗಿಯೇ ಗಂಡನ ಕೈಯ ಷೂ ನೆಲಕ್ಕೆ ಬಿತ್ತು.

ಅತ್ತೆ ಮೇಣದ ದಿಂಡುಗಳನ್ನು ತೆಗೆದು ಬಟ್ಟಲಿಗೆ ಹಾಕಿದರು. ತಪ್ಪಿಸಿಕೊಳ್ಳಲು ನೋಡಲಿಲ್ಲ, ಅದು ಅವರ ಜಾಯಮಾನವಲ್ಲ.

"ಹೌದು. ಬೇಕಂತಲೇ. ಏನೀಗ?"

"ಅಜ್ಜಿ..." ಮಗಳು ದಾರ ಬಿಟ್ಟು ಎದ್ದು ನಿಂತಳು. "ಅಮ್ಮ ಮೂರು ದಿನದಿಂದ ನಿದ್ದೆ ಮಾಡಿಲ್ಲ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾ ಇದ್ಲು. ನಾನು ಕೇಳಿಸ್ಕೊಂಡೆ."

"ನೀನು ಸುಮ್ನಿರು ಪುಟ್ಟಿ. ದೊಡ್ಡೋರ ಮಾತು. ಅವಳ ಒಳ್ಳೇದಕ್ಕೇ ಮಾಡ್ದೆ. ಅಲ್ಲಿ ಹೋಗಿ ಬಿದ್ರೆ ಎತ್ತೋಕೆ ಯಾರಿದ್ದಾರೆ? ಮೊದಲನೇ ಸಲ ಬಾಗಿಲಿಂದಲೇ ಓಡಿ ಬಂದೋಳು. ಈ ಸಲ ಅಲ್ಲಿಂದ ಬರೋಕೂ ಆಗಲ್ಲ. ಆ ಮರ್ಯಾದೆ ಉಳಿಸೋಣ ಅಂತ ನಾನು ದವಡೆ ಅಡ್ಡ ಇಟ್ಟೆ. ತಪ್ಪಾ?"

"ನನ್ನ ಕೈ ಹೋಯ್ತು ಅಂತ ತಿಳ್ಕೊಂಡೆ ಅತ್ತೆ," ಎಂದಳು ಸೊಸೆ. ಈಗ ಕಣ್ಣು ತುಂಬಿ ಬಂದಿತ್ತು. "ರಿಟರ್ನ್ ಟಿಕೆಟ್ ಅಂದ್ರಿ, ಆರು ವರ್ಷ ನಕ್ಕೊಂಡೇ ಕೇಳಿಸ್ಕೊಂಡೆ. ನೆಂಟರ ಮುಂದೆ ಆಡ್ಕೊಂಡ್ರಿ, ಕಾಫಿ ತಂದುಕೊಟ್ಟೆ. ಆದ್ರೆ ನನ್ನ ಹತ್ರ ಇದ್ದಿದ್ದೇ ಈ ಎರಡು ಕೈ. ಅವು ಕೆಟ್ಟು ಹೋದ್ವು ಅಂತ ನನಗೇ ನಂಬಿಸಿಬಿಟ್ರಲ್ಲ... ಇವತ್ತು ಬೆಳಿಗ್ಗೆ ಡಾಕ್ಟ್ರ ಮುಂದೆ ನಿಂತು, ನಾನು ಹೋಗಲ್ಲ ಅಂತ ನನ್ನ ಬಾಯಿಂದಲೇ ಹೇಳಿ ಬಂದಿದ್ದೀನಿ, ಗೊತ್ತಾ?"

ಗಂಡ ಕೆಮ್ಮಿದ. ಮನೆಯಲ್ಲಿ ಮಾತು ಜೋರಾದಾಗಲೆಲ್ಲ ನಲ್ಲಿ ಸೋರುತ್ತಿದೆಯೇನೋ ನೋಡಲು ಎದ್ದು ಹೋಗುವವನು ಅವನು. ಇವತ್ತು ಯಾವ ನಲ್ಲಿಯೂ ಸೋರುತ್ತಿರಲಿಲ್ಲ.

"ಒಂದು ಕೆಲಸ ಮಾಡೋಣ," ಎಂದ. "ಅಮ್ಮ ಮಾಡಿದ್ದು ಸರಿ ಅಂತ ನಾನು ಹೇಳ್ತಾ ಇಲ್ಲ. ನೀನು ಹೋಗೋದು ತಪ್ಪು ಅಂತಾನೂ ಹೇಳ್ತಾ ಇಲ್ಲ. ಒಂದು ತಿಂಗಳು ಮುಂದಕ್ಕೆ ಹಾಕೋಣ. ನಿನ್ನ ಈ ಹೆದರಿಕೆ, ನಡುಕ ಎಲ್ಲ ಸ್ವಲ್ಪ ಕಮ್ಮಿ ಆಗ್ಲಿ. ಆಮೇಲೆ ಆರಾಮಾಗಿ..."

"ಕಮ್ಮಿ ಆಗಲ್ಲ ರೀ."

ಅವನು ಬಗ್ಗಿ ಷೂ ಎತ್ತಿಕೊಂಡ.

"ನನ್ನ ಹೆದರಿಕೆ ಕಮ್ಮಿ ಆಗಲ್ಲ. ಆರು ವರ್ಷ ಕಾದಿದ್ದೀನಿ, ಆಗಿಲ್ಲ. ಇನ್ನೊಂದು ತಿಂಗಳು ಕಾದ್ರೂ ಆಗಲ್ಲ. ಧೈರ್ಯ ಬಂದ ಮೇಲೆ ಹೋಗೋಣ ಅಂದ್ರೆ ನನ್ನ ಹೆಣ ಹೋಗ್ಬೇಕು." ಅವಳು ಮುಖ ಒರೆಸಿಕೊಂಡಳು. "ನಾನು ಹೆದರಿಕೊಂಡೇ ಹೋಗ್ತೀನಿ. ಸಾಲಲ್ಲಿ ನಿಂತು ನಡುಗ್ತೀನಿ. ವಿಮಾನದಲ್ಲಿ ಕೂತು ನಡುಗ್ತೀನಿ. ಅಲ್ಲಿ ಹೋಗಿ ಬಿದ್ರೆ, ಬಿದ್ದಲ್ಲೇ ಕೂತು ಅತ್ತು, ಎದ್ದು ಕೆಲಸಕ್ಕೆ ಹೋಗ್ತೀನಿ. ನಡುಗೋಳು ಮನೇಲೇ ಇರ್ಬೇಕು ಅಂತ ಯಾವ ಕಾನೂನೂ ಇಲ್ಲ. ಇದ್ರೆ ನಾನು ಅದನ್ನ ಕೇಳಲ್ಲ."

"ಮಾತು ಕೊಟ್ಟಿದ್ದೀಯ," ಎಂದರು ಅತ್ತೆ. "ಸೆಟ್ಟು ಕೂತ ಮೇಲೇ ಹೊರಡ್ತೀನಿ ಅಂತ."

"ಕೊಟ್ಟಿದ್ದೀನಿ. ಉಳಿಸ್ಕೋತೀನಿ." ಸೊಸೆ ಮೇಣದ ದಿಂಡುಗಳನ್ನು ಬಟ್ಟಲಿಂದ ಎತ್ತಿ, ಅದುಮಿ, ಮತ್ತೆ ಆಕಾರಕ್ಕೆ ತಂದಳು. ಲೋಟಕ್ಕೆ ನೀರು ಬಗ್ಗಿಸಿದಳು. "ಬಾಯಿ ತೆಗೀರಿ. ನೀವು ಇಡೀ ಸಂಜೆ ದವಡೆ ಮುಂದೆ ಇಟ್ಕೊಂಡಿರಿ, ನಂಗೇನೂ ಅವಸರ ಇಲ್ಲ. ಯಾವಾಗ ನುಂಗ್ತೀರೋ ಆಗ ಗುರುತು ಹಾಕ್ಕೋತೀನಿ. ನುಂಗದೆ ಎಷ್ಟು ಹೊತ್ತು ಇರ್ತೀರ?"

ಇಬ್ಬರೂ ಎದುರುಬದುರು ಕೂತರು. ಅತ್ತೆ ಬಾಯಲ್ಲಿ ಮೇಣವಿಟ್ಟುಕೊಂಡು, ಗಲ್ಲ ಚಾಚಿ, ಸೊಸೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಸೊಸೆ ಕಣ್ಣು ಕದಲಿಸಲಿಲ್ಲ. ಮಗಳಿಗೆ ಅಳುವೂ ನಗುವೂ ಒಟ್ಟಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ಹನ್ನೊಂದು ನಿಮಿಷವಾದ ಮೇಲೆ ಅತ್ತೆಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಆ ಕ್ಷಣಕ್ಕೆ ಸೊಸೆ ಎರಡು ಬೆರಳಿನಿಂದ ಅವರ ಗಲ್ಲವನ್ನು ಅಲ್ಲೇ ಹಿಡಿದು, ಮೇಣದ ಮೇಲೆ ಚಾಕುವಿನಿಂದ ಮೂರು ಗೆರೆ ಎಳೆದಳು. ಕೈ ನಡುಗುತ್ತಿತ್ತು. ಗೆರೆಗಳು ನೇರವಾಗಿದ್ದವು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ, ನಿನ್ನೆ ಹೇಳಿದ್ದನ್ನು ಮರೆತುಬಿಡಿ ಎಂದಳು. ವೈದ್ಯರು, ಯಾವುದನ್ನು ಎಂದು ಕೇಳಿದರು. ಆ ಮಾತನ್ನು ಅವರು ಯಾರಿಗೂ ಹೇಳಿರಲೇ ಇಲ್ಲ. ಮಂಗಳವಾರವಿಡೀ ಹಲ್ಲು ಜೋಡಿಸಿ ಸಂಜೆ ಅತ್ತೆಯ ಬಾಯಲ್ಲಿಟ್ಟು ನೋಡಿದಳು. ಎರಡು ಸಾಲೂ ಸದ್ದಿಲ್ಲದೆ ಸೇರಿದವು. ಈ ಸಲ ಅತ್ತೆ ದವಡೆ ತಳ್ಳಲಿಲ್ಲ. ಬುಧವಾರ ಅಚ್ಚಿಗೆ ಹಾಕಿ, ಬೇಯಿಸಿ, ಆರಿಸಿ, ಉಜ್ಜಿ ಹೊಳಪು ಕೊಟ್ಟಳು. ಕೆಲಸದ ನಡುವೆ ಎರಡು ಸಲ ಎದೆ ಹಾರಿ, ಗೋಡೆಗೆ ಒರಗಿ ನಿಂತು ಕೋರೆಹಲ್ಲು, ದವಡೆಹಲ್ಲು ಎಂದು ಗುನುಗಿಕೊಂಡಳು. ಒಂದು ಸಲ ವಾಂತಿಯೂ ಆಯಿತು. ಬಾಯಿ ತೊಳೆದು ಬಂದು ಮತ್ತೆ ಹೊಳಪು ಕೊಡುವ ಚಕ್ರದ ಮುಂದೆ ಕೂತಳು. ಭಯಕ್ಕೆ ಅದರ ಕೆಲಸ, ತನಗೆ ತನ್ನ ಕೆಲಸ ಎಂಬಂತೆ.

ಗುರುವಾರ ಮಧ್ಯಾಹ್ನ ಟ್ಯಾಕ್ಸಿ ಕೆಳಗೆ ನಿಂತಿತ್ತು. ಗಂಡ ದೊಡ್ಡ ಸೂಟ್‌ಕೇಸನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಇಳಿಯುವ ಮೊದಲು ಹೆಂಡತಿಯ ಮುಂದೆ ಒಂದು ಕ್ಷಣ ನಿಂತು, "ನಾನು ನಿನ್ನ ಪರವಾಗಿ ಮೊದಲೇ ಮಾತಾಡ್ಬೇಕಿತ್ತು," ಎಂದ. "ಹೌದು, ಮಾತಾಡ್ಬೇಕಿತ್ತು," ಎಂದಳು ಅವಳು. ಪರವಾಗಿಲ್ಲ ಎನ್ನಲಿಲ್ಲ. ಮಗಳು ಅಮ್ಮನನ್ನು ಗಟ್ಟಿಯಾಗಿ ತಬ್ಬಿ, ಕೋಟಿನ ಗುಂಡಿ ಹಾಕಿ, ಅಳು ಕಾಣಿಸದಿರಲೆಂದು ಓಡಿಹೋಗಿ ಟ್ಯಾಕ್ಸಿಯಲ್ಲಿ ಕೂತುಬಿಟ್ಟಳು.

ಅತ್ತೆ ತಮ್ಮ ಕೋಣೆಯಲ್ಲಿ ಮಂಚದ ತುದಿಯಲ್ಲಿ ಕೂತಿದ್ದರು. ಸೊಸೆ ಹೊಸ ಸೆಟ್ಟನ್ನು ಬಟ್ಟಲಿನಲ್ಲಿ ತಂದು ಮುಂದೆ ಹಿಡಿದಳು. ಅತ್ತೆ ಬಟ್ಟಲು ನೋಡಿದರು, ಸೊಸೆಯನ್ನು ನೋಡಿದರು. ಮೆಲ್ಲಗೆ ತೆಗೆದುಕೊಂಡು ಬಾಯಲ್ಲಿಟ್ಟುಕೊಂಡರು. ಕಚ್ಚಿದರು. ಮುಖದ ಸುಕ್ಕುಗಳೆಲ್ಲ ಒಂದು ಸುತ್ತು ಸಡಿಲವಾಗಿ, ಒಳಸೇರಿದ್ದ ತುಟಿಗಳು ಹೊರಬಂದು, ಸೊಸೆ ಮದುವೆಯಾಗಿ ಬಂದ ದಿನ ಬಾಗಿಲಲ್ಲಿ ನಿಂತಿದ್ದ ಅದೇ ಅತ್ತೆ ಈಗ ಅವಳೆದುರು ಕೂತಿದ್ದರು.

"ಎಲ್ಲಾದ್ರೂ ಒತ್ತುತ್ತಾ ಅತ್ತೆ?"

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಮಾತಾಡಿದರು. ಎಷ್ಟೋ ವರ್ಷಗಳ ನಂತರ ಅವರ ಮಾತು ಗಾಳಿ ಸೇರದೆ, ಒಂದಕ್ಷರವೂ ಜಾರದೆ ಸ್ಪಷ್ಟವಾಗಿ ಬಂತು.

"ಹೋಗ್ಬೇಡ ಕಣೇ."

ಸೊಸೆ ಬಟ್ಟಲನ್ನು ಕೆಳಗಿಟ್ಟಳು.

"ನಿನ್ನ ಮರ್ಯಾದೆ, ಅದು ಇದು ಅಂತೆಲ್ಲ ಅಂದೆ. ಎಲ್ಲ ಸುಳ್ಳು. ನಂಗೆ ಹೆದರಿಕೆ ಆಗತ್ತೆ. ಸಂಜೆ ನೀನು ಬೀಗ ತೆಗೆಯೋ ಸದ್ದು ಕೇಳೋವರೆಗೂ ನಂಗೆ ಇಲ್ಲೆಲ್ಲ ಒಂಥರಾ ಆಗತ್ತೆ." ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಆ ಕೈ ನಡುಗುತ್ತಿತ್ತು. "ಯಾವತ್ತೂ ಯಾರಿಗೂ ಹೇಳಿಲ್ಲ. ನಿನ್ನ ನೋಡಿ ನಗ್ತಿದ್ದೆ... ನನ್ನದು ಯಾರಿಗೂ ಕಾಣಿಸ್ದೇ ಇರ್ಲಿ ಅಂತ. ಎರಡು ವರ್ಷ ನಾನು ಹೇಗಿರ್ಲಿ ಹೇಳು."

ಇಪ್ಪತ್ತು ವರ್ಷ! ನೀನು ಬೇಕು ಎಂಬ ಒಂದು ಮಾತಿಗಾಗಿ ಅವಳು ಈ ಮನೆಯಲ್ಲಿ ಇಪ್ಪತ್ತು ವರ್ಷ ಕಾದಿದ್ದಳು. ಅತ್ತೆ ಬೈದಿದ್ದರೆ, ಶಪಿಸಿದ್ದರೆ, ಕೊನೆಗೆ ಮುಖ ತಿರುಗಿಸಿಕೊಂಡಿದ್ದರೂ ಸಾಕಾಗಿತ್ತು, ದಡದಡನೆ ಮೆಟ್ಟಿಲಿಳಿದುಬಿಡುತ್ತಿದ್ದಳು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹಾಕಿದ. ಅವಳು ಅತ್ತೆಯ ಮುಂದೆ ನೆಲದ ಮೇಲೆ ಕುಕ್ಕರಿಸಿ, ಆ ನಡುಗುವ ಕೈಯನ್ನು ತನ್ನ ನಡುಗುವ ಕೈಗಳಲ್ಲಿ ಹಿಡಿದುಕೊಂಡಳು. ಎರಡರಲ್ಲಿ ಯಾವುದು ಹೆಚ್ಚು ನಡುಗುತ್ತಿದೆ ಎಂದು ಹೇಳುವುದು ಕಷ್ಟವಿತ್ತು.

"ಈ ಮಾತನ್ನ ಸೋಮವಾರ ಹೇಳಿದ್ರೆ ನಾನು ಉಳ್ಕೊಂಡುಬಿಡ್ತಿದ್ದೆ ಅತ್ತೆ," ಎಂದಳು. "ನಿಜವಾಗ್ಲೂ. ಪೆಟ್ಟಿಗೆ ಬಿಚ್ಚಿ ಬಟ್ಟೆ ಎಲ್ಲ ವಾಪಸ್ ಜೋಡಿಸಿಬಿಡ್ತಿದ್ದೆ. ನೀವು ಹೇಳಲಿಲ್ಲ. ಒಳ್ಳೇದೇ ಆಯ್ತು."

"ಈಗ ಹೇಳ್ತಾ ಇದ್ದೀನಲ್ಲ."

"ಈಗ ಕೇಳಿಸ್ಕೊಂಡೆ. ಆದ್ರೂ ಹೋಗ್ತೀನಿ."

ಅತ್ತೆಯ ಕಣ್ಣಿಂದ ನೀರಿಳಿಯಿತು. ಸೊಸೆ ಒರೆಸಿದಳು. ತನ್ನದನ್ನು ಒರೆಸಿಕೊಳ್ಳಲಿಲ್ಲ.

"ಸಂಜೆ ಹಾಗಾದಾಗ ನಿಮ್ಮ ಮೊಮ್ಮಗಳ ಹತ್ರ ಹೇಳಿ. ನಂಗೆ ಹೆದರಿಕೆ ಆಗ್ತಾ ಇದೆ ಅಂತ ಬಾಯಿ ಬಿಟ್ಟು ಹೇಳಿ. ಅವಳು ನಗಲ್ಲ, ನಕ್ಕರೆ ನಂಗೆ ಫೋನ್ ಮಾಡಿ, ಅಲ್ಲಿಂದಲೇ ಬೈತೀನಿ. ಹೆದರಿಕೆಯಿಂದ ಯಾರೂ ಸಾಯಲ್ಲ ಅತ್ತೆ. ನನ್ನ ನೋಡಿ, ಸತ್ತಿದ್ದೀನಾ?"

ಅವಳು ಎದ್ದಳು. ಅತ್ತೆ ಕೈ ಬಿಡಲಿಲ್ಲ. ಅವಳೇ ಒಂದೊಂದಾಗಿ ಬೆರಳು ಬಿಡಿಸಿದಳು, ಮೇಣದಿಂದ ಹಲ್ಲು ಬಿಡಿಸುವಷ್ಟು ನಯವಾಗಿ, ಅಷ್ಟೇ ಗಟ್ಟಿಯಾಗಿ. ಕೈಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದಳು. ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಹೋಗ್ಬೇಡ ಅಂದ್ನಲ್ಲೇ."

"ಕೇಳಿಸ್ತು ಅತ್ತೆ," ಎಂದಳು ಅವಳು, ಮೊದಲ ಮೆಟ್ಟಿಲು ಇಳಿಯುತ್ತಾ. "ಈಗ ನಿಮ್ಮ ಮಾತು ಚೆನ್ನಾಗಿ ಕೇಳಿಸತ್ತೆ."